ಕೆಳಗಿನಿಂದ ಓದಿದ ಪಟ್ಟಿ

ಗುರುವಾರ, ಹದಿನಾಲ್ಕನೇ ತಾರೀಖು

ನನ್ನ ಪುಟ್ಟಿಗೆ, ಅಮ್ಮನ ನೆನಪುಗಳು.

ಹನ್ನೊಂದು ವರ್ಷದ ಮೇಲೆ ಅಮ್ಮನಿಗೆ ಕಾಗದ ಬರೆಯುವ ಬುದ್ಧಿ ಬಂತೇ ಎಂದು ನೀನು ಮೂಗು ಮುರಿಯುವುದು ಇಲ್ಲಿಂದಲೇ ಕಾಣುತ್ತಿದೆ. ಮುರಿ, ಆದರೆ ಪೂರ್ತಿ ಓದು.

ನಿಮ್ಮಪ್ಪನ ಕಣ್ಣು ಹೋಗಿ ಎರಡು ವರ್ಷವಾಯಿತು. ಟೀವಿಗೆ ಅವರು ಬರೆದ ಇಪ್ಪತ್ತೆರಡು ವಿಜ್ಞಾನ ಕಥೆಗಳ ಕಂತುಗಳಿಗೆ ನೋಡುಗರು ಈಗಲೂ ಇಂಟರ್‌ನೆಟ್ಟಿನಲ್ಲಿ ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ. ಯಾವುದು ಮೊದಲು, ಯಾವುದು ಕೊನೆ ಎಂದು ದಿನಾ ಬೆಳಿಗ್ಗೆ ನಾನು ಓದಿ ಹೇಳಬೇಕು. ದೇವರ ಪೂಜೆ ತಪ್ಪಿದರೂ ಇದು ತಪ್ಪುವಂತಿಲ್ಲ.

ಎಂಟು ತಿಂಗಳ ಹಿಂದೆ ಪರದೆಯ ಮೇಲಿನ ಯಾವುದೋ ಬಾಣದ ಗುರುತಿಗೆ ನನ್ನ ಬೆರಳು ತಗುಲಿ ಪಟ್ಟಿ ತಲೆಕೆಳಗಾಯಿತು. ಗೊತ್ತಾಗದೆ ಹಾಗೇ ಓದಿಬಿಟ್ಟೆ. ಯಾವಾಗಲೂ ಕೊನೆಯಲ್ಲಿ ಬೀಳುತ್ತಿದ್ದ ‘ಕಲ್ಲಿನ ಗ್ರಹ’ ಮೊದಲು ಬಂತು. ನೋಡಿದವರೆಲ್ಲ ಆಕಳಿಸಿದ ಕಂತು, ಆದರೆ ನಿಮ್ಮಪ್ಪನಿಗೆ ಅದೇ ಪ್ರಾಣ. ಜನಕ್ಕೆ ಕೊನೆಗೂ ಬುದ್ಧಿ ಬಂತು ಎಂದು ಅವತ್ತು ಎದ್ದು ತಾವೇ ಗಡ್ಡ ಹೆರೆದುಕೊಂಡರು, ಎರಡು ಕಡೆ ಗಾಯ ಮಾಡಿಕೊಂಡರು. ತಿದ್ದಲು ನನಗೆ ಬಾಯಿ ಬರಲಿಲ್ಲ. ಮರುದಿನದಿಂದ ಬೇಕೆಂದೇ ಆ ಬಾಣ ಒತ್ತಿದೆ.

ನಿಜವಾದ ಪಟ್ಟಿಯಲ್ಲಿ ಎಂದೂ ಮೊದಲಿರುವುದು ‘ನೆರಳು ಬಾಡಿಗೆಗೆ’. ಒಂಬತ್ತು ಪಾಯಿಂಟ್ ಎರಡು. ನಾನು ನಿನ್ನ ತಲೆ ಬಾಚುತ್ತಿದ್ದಾಗ, ಒಂಬತ್ತು ವರ್ಷದ ನೀನು ಹೇಳಿದ ಕಥೆ: ಎರಡು ಸೂರ್ಯರಿರುವ ಊರು, ಬಿಸಿಲು ತಾಳದವರಿಗೆ ಬಡವರು ತಮ್ಮ ನೆರಳು ಬಾಡಿಗೆ ಕೊಡುತ್ತಾರೆ. ಆ ವಾರವೇ ಅಪ್ಪ ಅದನ್ನು ತಮ್ಮ ಹೆಸರಿನಲ್ಲಿ ಬರೆದು ಟೀವಿಗೆ ಕೊಟ್ಟರು. ಹತ್ತೊಂಬತ್ತನೇ ವಯಸ್ಸಿಗೆ ನೀನು ಆ ಕಥೆಗೆ ನನ್ನ ಹೆಸರೂ ಹಾಕಿ ಎಂದು ಕೇಳಿದಾಗ, ಮಕ್ಕಳ ಮಾತಿಗೆಲ್ಲ ಹೆಸರು ಹಾಕಿದರೆ ಪರದೆ ಸಾಲದು ಎಂದರು. ನಾನು ಬಟ್ಟೆ ಮಡಚುತ್ತಲೇ ಇದ್ದೆ. ನೀನು ಒಂದೇ ಚೀಲ ಹಿಡಿದು ಹೊರಟೆ.

ನನ್ನ ಪಟ್ಟಿಯಲ್ಲಿ ನಿನ್ನ ಕಥೆ ಕೊನೆಗಿಳಿಯಿತು. ಅವರು ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಹಿಗ್ಗಲಿಲ್ಲ. ಪಾಪ, ಒಳ್ಳೆಯ ಕಥೆ, ನಾನೇ ಕೆಡಿಸಿದೆ ಎಂದು ದಿನಾ ಕೊರಗಿದರು. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದೇ ಇಲ್ಲ.

ಹೋದ ತಿಂಗಳು ಚಾನೆಲ್‌ನವರ ಪತ್ರ ಬಂತು. ಜನ ಅತಿ ಮೆಚ್ಚಿದ ಕಂತನ್ನು ಹೊಸದಾಗಿ ತೆಗೆಯುತ್ತಾರಂತೆ, ಬರೆದವರ ಹೆಸರು ತುಂಬಿ ಸಹಿ ಮಾಡಬೇಕಂತೆ. ಅದು ‘ಕಲ್ಲಿನ ಗ್ರಹ’ ಎಂದೇ ನಿಮ್ಮಪ್ಪ ನಂಬಿದ್ದರು. ನಾನು ಬೆರಳು ಹಿಡಿದು ಜಾಗ ತೋರಿಸಿದೆ. ಏನೂ ಗೊತ್ತಿಲ್ಲದೆ ಸಹಿ ಮಾಡಿದರು. ಅವರೊಬ್ಬರ ಹೆಸರು ತುಂಬಿ ಅದನ್ನು ಅಂಚೆಗೆ ಹಾಕಿದವಳೂ ನಾನೇ.

ಕಳೆದ ಭಾನುವಾರ ಅವರಿಗೆ ಲಕ್ವ ಹೊಡೆಯಿತು. ಮಾತಿಲ್ಲ, ಗುರುತೂ ಇಲ್ಲ. ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಸೋಮವಾರ ನಾನೇ ಚಾನೆಲ್ಲಿಗೆ ಫೋನ್ ಮಾಡಿ, ಕಥೆ ಮಗಳದು ಎಂದೆ. ಬರೆದವರೇ ಹೇಳಬೇಕು, ಹೆಂಡತಿಯ ಮಾತು ನಡೆಯುವುದಿಲ್ಲ ಎಂದರು. ನಿನ್ನ ಕಥೆ ಮತ್ತೊಮ್ಮೆ ಅವರೊಬ್ಬರ ಹೆಸರಿನಲ್ಲೇ ಬರುತ್ತದೆ. ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ.

ಬಾ ಎನ್ನುವ ಮುಖ ನನಗಿಲ್ಲ. ಬಂದರೆ ಬಾಗಿಲು ತೆಗೆದೇ ಇರುತ್ತದೆ.

ನಿನ್ನ
ಅಮ್ಮ

ತಾ.ಕ.: ಏನೂ ಗೊತ್ತಿಲ್ಲದೆ ಸಹಿ ಮಾಡಿದರು ಎಂದು ಬರೆದೆ. ಅದು ಪೂರ್ತಿ ನಿಜವಲ್ಲ. ಪೆನ್ನು ಕಾಗದಕ್ಕೆ ತಗುಲಿಸಿ ಅವರು ಕೈ ತಡೆದರು. “ಇದು ಪುಟ್ಟಿ ಕಥೆ ಅಲ್ಲ ತಾನೆ? ಅವಳದಾದ್ರೆ ಮೊದಲು ಅವಳ ಹೆಸರು ಬರಿ, ಆಮೇಲೆ ನಂದು,” ಅಂದರು. ಹೌದು ಎಂದರೆ ಎಂಟು ತಿಂಗಳ ನನ್ನ ಸುಳ್ಳು ಬಯಲಾಗುತ್ತಿತ್ತು. “ಅಲ್ಲ, ನಿಮ್ಮದೇ,” ಅಂದೆ.