ಬೆಚ್ಚಗಿದ್ದರೆ ಬದುಕಿದೆ

ಡಿಸೆಂಬರ್ 2, ಗೂಸ್ ಬೇ

ಮೈನಸ್ ಮೂವತ್ತೊಂದು ಡಿಗ್ರಿ. ನನ್ನ ಹೆಂಡ್ತಿ ಎಫಿ ತನ್ನ ಲಾರಿ ತಂದು ನಿಲ್ಲಿಸಿದ್ದೇ ತಡ, ನಾನು ಅದರ ಅಡಿಗೆ ನುಸುಳಿದೆ. ಯಾವತ್ತಿನ ಹಾಗೇ — ಗ್ಲೌಸ್ ಬಿಚ್ಚಿ, ಒಂದೊಂದು ಶಾಕ್ ಅಬ್ಸಾರ್ಬರ್ ಮೇಲೂ ಬರಿಗೈ. ಜಲ್ಲಿ ರಸ್ತೆಲಿ ಕುಲುಕಾಟ ನುಂಗ್ತಾ ಕುಣಿದು ಬಂದ ಶಾಕ್ ಬೆಚ್ಚಗಿರಬೇಕು. ತಣ್ಣಗಿದ್ರೆ ಸತ್ತಿದೆ ಅಂತ ಲೆಕ್ಕ. ನನ್ನ ಕೈ ಯಾವತ್ತೂ ತಪ್ಪು ಹೇಳಿಲ್ಲ. ಜಂಭ ಅಂದ್ಕೊಳ್ಳೋರು ಅಂದ್ಕೊಳ್ಳಲಿ.

ಸ್ಕೂಲ್ ಕಿಟಕಿಯ ಗಾಜು ತರೋಕೆ ಎಫಿ ಒಪ್ಪಿಕೊಂಡಿದಾಳೆ. ಎರಡು ಸಲ ಬೇರೆಯವರ ಲಾರಿಲಿ ಪುಡಿಪುಡಿ ಆಗಿ ಬಂತು. ಮಕ್ಕಳು ಇನ್ನೂ ಚರ್ಚಿನ ನೆಲಮಾಳಿಗೆಲೇ ಪಾಠ ಕೇಳ್ತಿದಾವೆ. ಯಾರನ್ನ ನಂಬಿ ಒಪ್ಕೊಂಡೆ ಅಂತ ಸ್ಕೂಲಿನವರು ಕೇಳಿದ್ರಂತೆ. ನನ್ನ ಗಂಡನ ಕೈನ, ಅಂದಳಂತೆ.

ಡಿಸೆಂಬರ್ 5

ಸೌದೆ ಹೇರಿಕೊಂಡು ಬಂದಳು. ಕೈ ಇಟ್ಟೆ... ಏನೂ ಗೊತ್ತಾಗಲಿಲ್ಲ. ಹೋದ ಚಳಿಗಾಲ ಹಿಮಕ್ಕೆ ಸಿಕ್ಕಿ ಬೆರಳತುದಿ ಮರಗಟ್ಟಿತ್ತು. ಈಗ ಅಂಗೈನೂ. "ಎಲ್ಲಾ ಬೆಚ್ಚಗಿದೆ" ಅಂದುಬಿಟ್ಟೆ.

ಕ್ಯಾರಿಬೂ ಜಿಂಕೆ ಮಾಂಸದ ಸಾರು ಮಾಡಿದ್ಲು. ತಟ್ಟೆ ಹಾಗೇ ಸರಿಸಿ ಎದ್ದೆ.

ಡಿಸೆಂಬರ್ 6

ಶಾಕ್ ಮತ್ತೆ ಬಿಸಿಯಾಗಲಿ ಅಂತ, ಇನ್ನೊಂದು ಟ್ರಿಪ್ ಸೌದೆ ತಾ ಅಂದು ಕಳಿಸಿದೆ. ಬಂದ ಕೂಡಲೇ ಲಾರಿ ಅಡಿಗೆ ಹೋಗಿ ಕೆನ್ನೆ ಒತ್ತಿದೆ. ಕೆನ್ನೆಗಿನ್ನೂ ಜೀವ ಇದೆಯಲ್ಲ! ಬೆಚ್ಚಗೆ, ಬೆಚ್ಚಗೆ... ಎಡಗಡೆ ಹಿಂದಿನದಕ್ಕೆ ಒತ್ತಿದ್ದೇ, ಹಿಮಗಟ್ಟಿದ ಕಬ್ಬಿಣಕ್ಕೆ ಚರ್ಮ ಕಚ್ಚಿಕೊಳ್ತು. ಕಿತ್ಕೊಂಡೆ. ಒಂದು ಚೂರು ಅಲ್ಲೇ ಉಳೀತು.

ಎಫಿ ಬಗ್ಗಿ ನೋಡ್ತಿದ್ಲು. "ನನಗೆ ಕೊಡದ ಮುತ್ತೆಲ್ಲ ಲಾರಿಗಾ?"

ಆಮೇಲೆ ರಕ್ತ ಕಂಡಳು. ಎಲ್ಲಾ ಹೇಳಿದೆ. ನಗು ಹೋಯ್ತು. "ಗಾಜು ಒಡೆದ್ರೆ ಒಡೀಲಿ ಗಾರ್ಲಂಡ್. ರಸ್ತೆ ಇಳಿಜಾರಲ್ಲಿ ಆ ಲಾರಿ ಒಳಗೆ ನಾನೂ ಇರ್ತೀನಲ್ಲೋ."

ಕೆನ್ನೆಯ ರಕ್ತ ಒರೆಸಿ, ಅವಳೇ ಗ್ಲೌಸ್ ಬಿಚ್ಚಿದ್ಲು. "ಸರಿ, ಕಲಿಸು."

ಡಿಸೆಂಬರ್ 7

ಹಿಂದಿನ ಶಾಕ್ ಜೋಡಿ ಹೊಸದು ಹಾಕಿದ್ವಿ. ರಬ್ಬರ್ ಬುಷ್ ಬದಲಾಯಿಸಿ, ಕಟ್ಟಿದ್ದ ಐಸ್ ಕೆತ್ತಿದ್ವಿ. ಗಾಜು ತರೋಕೆ ಹೊರಟಳು.

ಡಿಸೆಂಬರ್ 11

ಹಿಮಗಾಳಿ, ರಸ್ತೆ ಬಂದ್. ಗಾಜು ಹೇರಿಕೊಂಡು ವಾಪಸ್ ಬರ್ತಾ ಚರ್ಚಿಲ್ ಫಾಲ್ಸ್ ಊರಲ್ಲಿ ನಿಂತಿದಾಳೆ. ಫೋನ್ ಮಾಡಿದ್ಲು. ಮುಂದಿನ ಶಾಕ್ ಒಂದು ತಣ್ಣಗಿದೆ ಅಂತ ಅಲ್ಲಿನ ಮೆಕ್ಯಾನಿಕ್ಕಿಗೆ ಅಂದಳಂತೆ. ಎಣ್ಣೆ ಸೋರಿದ ಜಿಡ್ಡೇ ಇಲ್ಲ, ಚೆನ್ನಾಗಿದೆ ಅಂತ ಅವನ ವಾದ. ಇವಳು ಬಿಡೋಳಾ? ಬಿಚ್ಚಿಸಿದಾಳೆ. ಎಳೆದ್ರೆ ಸೈಕಲ್ ಪಂಪಿನ ಹಾಗೆ ಸಲೀಸಾಗಿ ಬಂತಂತೆ, ಸತ್ತುಹೋಗಿತ್ತು. ಹೊಸದು ಹಾಕಿಸಿದಾಳೆ.

ಫೋನ್ ಇಟ್ಟಮೇಲೆ ಒಬ್ಬನೇ ನಕ್ಕೆ. ನನ್ನ ಹೆಂಡ್ತಿ ಕಣ್ರಯ್ಯಾ ಅಂತ ಬೀದಿಲಿ ಕೂಗಿ ಹೇಳೋಣ ಅನ್ನಿಸ್ತು. ಹೇಳ್ದೆ ಕೂಡ, ಪಕ್ಕದ ಮನೆಯವರಿಗೆ.

ಡಿಸೆಂಬರ್ 13

ಬಂದ್ಲು! ಸ್ಕೂಲಿನವರೆಲ್ಲ ಗಾಜಿನ ಕಡೆ ಓಡಿದ್ರು. ಅವಳು ಆ ಕಡೆ ತಿರುಗಲೇ ಇಲ್ಲ, ಗ್ಲೌಸ್ ಬಿಚ್ಚಿ ಸೀದಾ ಲಾರಿ ಅಡಿಗೆ. ನಾನು ಪಕ್ಕಕ್ಕೆ ನಿಂತೆ. ನನ್ನ ಜಾಗ ಅದು — ಬಿಟ್ಟುಕೊಟ್ಟಿದ್ದಕ್ಕೆ ಬೇಜಾರಾಗುತ್ತೆ ಅಂದ್ಕೊಂಡಿದ್ದೆ. ಆಗಲಿಲ್ಲ.

"ಎಲ್ಲಾ ಬೆಚ್ಚಗಿದೆ" ಅಂದಳು. ಎದ್ದು ಬಂದು ಅದೇ ಕೈನ ನನ್ನ ಕೆನ್ನೆ ಮೇಲಿಟ್ಟಳು, ಗಾಯದ ಪಕ್ಕ. ಬಿಸಿ ಗೊತ್ತಾಯ್ತು. ಒಂದು ಗಾಜೂ ಬಿರುಕು ಬಿಟ್ಟಿಲ್ಲ ಅಂತ ಹಿಂದೆ ಯಾರೋ ಹೇಳ್ತಿದ್ರು.

ನಾಳೆ ಡಾಕ್ಟರಿಗೆ ಕೈ ತೋರಿಸಬೇಕಂತೆ. ಅವಳ ಆರ್ಡರ್. ಊಟಕ್ಕೆ ಕೂಗ್ತಿದಾಳೆ. ಇವತ್ತು ಸಾರು ಒಂದು ತೊಟ್ಟೂ ಬಿಡಲ್ಲ.