ಒಡ್ಡಿನ ಬಾಗಿಲು ತೆರೆಯಲು ಹೇಳಿದವರು ಯಾರೆಂದು ಕೇಳಿದ್ದಕ್ಕೆ

ಕಾರವಾರದ ಒಂದು ಸರಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ

ಮಾನ್ಯರೇ,

ನಾನು ಕೇಳಿದ ಮಾಹಿತಿ ನನಗೆ ಬರಲಿಲ್ಲ. ನಾನು ಕೇಳಿದ್ದೇನೆ ಎಂಬ ಮಾಹಿತಿ ಮಾತ್ರ ಹೋಗಬಾರದವರ ಕೈಗೆ ಹೋಯಿತು. ಅದರ ಫಲವಾಗಿ ನನ್ನ ಗಂಡ ಬೊಮ್ಮಯ್ಯನವರ ಎಡಗಣ್ಣು ಹೋಗಿದೆ. ಬಲಗೈ ಮೊಣಕೈಯಲ್ಲಿ ಮಡಚುವುದಿಲ್ಲ. ಆಯುಧದಿಂದ ಹಲ್ಲೆ ಮಾಡಿದೆನೆಂದು ನನ್ನ ಮೇಲೆಯೇ ಪ್ರಕರಣ ದಾಖಲಾಗಿದೆ. ಸರಕಾರಿ ಕೆಲಸ ನಿಧಾನ ಎಂದು ಜನ ಸುಮ್ಮನೆ ದೂರುತ್ತಾರೆ. ಈ ಕೆಲಸ ಎಷ್ಟು ಚುರುಕಾಗಿ ಆಯಿತು ಎಂಬುದನ್ನು ನಾಲ್ಕು ಜನ ಓದಲಿ ಎಂದೇ ಈ ಪತ್ರವನ್ನು ನಿಮ್ಮ ಟಪಾಲಿಗೆ ಹಾಕದೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ತವರು ಶೆಟಗೇರಿ. ಮದುವೆಯಾಗಿ ಬಂದದ್ದು ಅಂಕೋಲಾ ತಾಲೂಕಿನದೇ ಇನ್ನೊಂದು ಹಳ್ಳಿಗೆ, ಹೊಳೆ ಸಮುದ್ರ ಸೇರುವ ಬಳಿ. ಆ ಊರಿನ ಹೆಸರು ನಿಮ್ಮ ಕಡತದಲ್ಲಿದೆ, ಇಲ್ಲಿ ಬರೆಯುವುದಿಲ್ಲ. ಅಲ್ಲಿ ನಾವು ಇನ್ನೂ ಬದುಕಬೇಕು. ನಮ್ಮದು ಹೊಳೆದಂಡೆಯ ತಗ್ಗು ಗದ್ದೆ, ಗಜನಿ ಭೂಮಿ. ಉಬ್ಬರದ ಹೊತ್ತಿಗೆ ಉಪ್ಪುನೀರು ಗದ್ದೆಗೆ ನುಗ್ಗದಂತೆ ಹೊಳೆಯುದ್ದಕ್ಕೂ ಮಣ್ಣಿನ ಒಡ್ಡು ಇದೆ, ಒಡ್ಡಿಗೆ ಹಲಗೆಯ ಬಾಗಿಲು ಇದೆ. ಉಬ್ಬರಕ್ಕೆ ಹಲಗೆ ಇಳಿಸಬೇಕು, ಇಳಿತಕ್ಕೆ ಎತ್ತಿ ಮಳೆನೀರನ್ನು ಹೊರಬಿಡಬೇಕು. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತೇವೆ. ಮಳೆ ಹೋದ ಮೇಲೆ ಅದೇ ನೀರಿನಲ್ಲಿ ಸಿಗಡಿ ಹಿಡಿಯುವ ಗುತ್ತಿಗೆ ಒಬ್ಬನಿಗೆ ಹೋಗುತ್ತದೆ. ನನ್ನ ಮಾವನವರ ಕಾಲದಿಂದಲೂ ಇದು ಹೀಗೇ ನಡೆದಿತ್ತು.

ಕಳೆದ ವರ್ಷ ಮಳೆ ಹಿಡಿದರೂ ಗುತ್ತಿಗೆದಾರ ಜಾಗ ಬಿಡಲಿಲ್ಲ. ಸಿಗಡಿ ಮರಿ ಒಳಗೆ ಬರಲೆಂದು ಉಬ್ಬರದ ಹೊತ್ತಿಗೇ ಹಲಗೆ ಎತ್ತಿಸಿದ. ಮೊಳಕೆ ಬಂದಿದ್ದ ಭತ್ತವೆಲ್ಲ ಗದ್ದೆಯಲ್ಲೇ ಕೊಳೆತು ನಾರಿತು. ಒಡ್ಡಿನ ಹತ್ತಿರದ ಮನೆಗಳ ಬಾವಿ ಉಪ್ಪಾಯಿತು. ಕೇಳಲು ಹೋದ ಊರಿನವರಿಗೆ ಅವನು ಹೇಳಿದ್ದು ಇಷ್ಟೇ: "ಕಾರವಾರದ ಆಫೀಸಿಂದ ಆರ್ಡರ್ ಉಂಟು ನಂಗೆ. ಹಲಗೆ ಮುಟ್ಟಿದವ್ನ ಕೈ ಇರೂದಿಲ್ಲ."

ಆ ಆರ್ಡರನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಆದರೂ ಎಲ್ಲರೂ ಅದಕ್ಕೆ ಹೆದರಿದ್ದರು. ಗುತ್ತಿಗೆದಾರನ ಆಳುಗಳಿಗಿಂತ ಹೆಚ್ಚಾಗಿ, ಕಾಣದ ಆ ಸರಕಾರಿ ಸಹಿಗೆ ಹೆದರಿದ್ದರು. ನನ್ನ ತಮ್ಮ ಅಶೋಕ ಕೈಗಾದಲ್ಲಿ ನೌಕರಿ ಮಾಡುತ್ತಾನೆ. ರಜೆಯ ದಿನ ಮನೆಗೆ ಬಂದವನು ಇದನ್ನೆಲ್ಲ ಕೇಳಿ ಹೇಳಿದ, "ಅಕ್ಕಾ, ಜಗಳಕ್ಕೆ ಹೋಗ್ಬೇಡಿ. ಮಾಹಿತಿ ಹಕ್ಕಿನಲ್ಲಿ ಕೇಳು. 'ಎಂತಕ್ಕೆ ಬಾಗಿಲು ತೆಗ್ದ್ರಿ' ಅಂತ ಕೇಳಿದ್ರೆ ಅದಕ್ಕೆ ಉತ್ತರ ಬರೂದಿಲ್ಲ. 'ಅನುಮತಿ ಕೊಟ್ಟ ಆದೇಶದ ಪ್ರತಿ ಕೊಡಿ' ಅಂತ ಕೇಳು. ಒಂದೇ ವಿಷಯ ಬರಿ, ಚಿಕ್ಕದಾಗಿ ಬರಿ, ಪೋಸ್ಟಲ್ ಆರ್ಡರ್ ಹಚ್ಚು, ಸ್ವೀಕೃತಿ ತಕಳದೆ ಮೆಟ್ಟಿಲಿಳೀಬೇಡ."

ನಾನು ಬಿ.ಕಾಂ. ಓದಿದವಳು. ಅವನು ಹೇಳಿದಂತೆಯೇ ನನ್ನ ಹೆಸರಿನಲ್ಲೇ ಬರೆದೆ. ಮೊದಲು ಪಂಚಾಯತಿಗೆ ಹೋದೆ. ನಮ್ಮಲ್ಲಿ ಅಂಥ ಕಡತವಿಲ್ಲ, ಕಾರವಾರಕ್ಕೆ ಹೋಗಿ ಎಂದರು. ತಪ್ಪು ಕಚೇರಿಗೆ ಬಂದ ಅರ್ಜಿಯನ್ನು ಸರಿಯಾದ ಕಚೇರಿಗೆ ಅವರೇ ಐದು ದಿನದೊಳಗೆ ಕಳಿಸಿಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಕಾಯ್ದೆ ಏನು ಬೇಕಾದರೂ ಹೇಳಲಿ, ಬಸ್ಸು ಹತ್ತುವವರು ನಾವೇ ಅಲ್ಲವೇ? ಹತ್ತಿದೆ. ನಿಮ್ಮ ಕಚೇರಿಯಲ್ಲಿ ಟಪಾಲು ತೆಗೆದುಕೊಳ್ಳುವ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು.

"ಎಂತಕ್ಕಮ್ಮಾ ಇದೆಲ್ಲ ನಿಮಗೆ?"

"ಎಂತಕ್ಕೆ ಅಂತ ಹೇಳ್ಬೇಕು ಅಂತ ಇಲ್ಲ ಸರ್."

"ಇಲ್ಲ, ಇಲ್ಲ. ಸುಮ್ನೆ ಕೇಳ್ದೆ. ಗಂಡನ ಹೆಸರೆಂತದು? ಮನೆ ಒಡ್ಡಿಗೆ ಹತ್ರವೋ? ಅವ್ರ ಮೊಬೈಲ್ ನಂಬರ್ ಹೇಳಿ."

ಅರ್ಜಿಗೆ ಇದ್ಯಾವುದೂ ಬೇಡ. ಆದರೆ ಟೇಬಲ್ಲಿನ ಆಚೆ ಕೂತವರು ಕೇಳಿದರೆ ಈಚೆ ನಿಂತವರ ಬಾಯಿ ತಾನಾಗಿಯೇ ಹೇಳುತ್ತದೆ. ನನ್ನ ಅರ್ಜಿಯ ಮೂಲೆಯಲ್ಲಿ ಅವರು ಕೆಂಪು ಪೆನ್ನಿನಿಂದ ಬರೆದುಕೊಂಡರು: ಬೊಮ್ಮಯ್ಯ, ಒಡ್ಡಿನ ಮನೆ, ನಂಬರ್. ನನಗೆ ಕೊಟ್ಟ ಪ್ರತಿಯ ಮೇಲೆ ಸೀಲು ಮಾತ್ರ ಒತ್ತಿದರು.

ಅರ್ಜಿ ಕೊಟ್ಟ ಮರುವಾರ, ಮಳೆ ಬಿಟ್ಟ ಒಂದು ಮಧ್ಯಾಹ್ನ ನನ್ನ ಗಂಡ ಒಡ್ಡಿನ ಮೇಲಿದ್ದರು. ಉಬ್ಬರ ಏರುತ್ತಿತ್ತು. ಅಳಿದುಳಿದ ಸಸಿಯಾದರೂ ಬದುಕಲಿ ಎಂದು ಹಲಗೆ ಇಳಿಸುತ್ತಿದ್ದರು. ನಾನು ಹತ್ತಿರದಲ್ಲೇ ದನಕ್ಕೆ ಹುಲ್ಲು ಕೊಯ್ಯುತ್ತಿದ್ದೆ. ನೆರೆಮನೆಯ ನಾಗಿ ಆಚೆ ಕೆಸರಿನಲ್ಲಿ ಚಿಪ್ಪಿ ಆರಿಸುತ್ತಿದ್ದಳು. ಗುತ್ತಿಗೆದಾರನ ಪಿಕಪ್ ಬಂದು ನಿಂತಿತು. ನಾಲ್ವರು ಇಳಿದರು. ಮುಂದಿದ್ದವನು ಮೊಬೈಲನ್ನು ನನ್ನ ಗಂಡನ ಮುಖಕ್ಕೆ ಹಿಡಿದ.

"ಇದು ನಿನ್ ಹೆಂಡ್ತಿ ಬರದ್ದೇ ಅಲ್ದ?"

ಅವರು ನೋಡಿ ಹೌದು ಎಂದರು. ಸುಳ್ಳು ಹೇಳುವ ಕಾರಣವೇ ಅವರಿಗೆ ತೋಚಿರಲಿಲ್ಲ. ಆ ಹೌದು ಮುಗಿಯುವ ಮೊದಲೇ ಒಬ್ಬ ಬಾಗಿಲ ಹಲಗೆಯನ್ನೇ ಎತ್ತಿ ಮೊಣಕೈಗೆ ಹೊಡೆದ. ಮೂಳೆ ಮುರಿದ ಸದ್ದು ನಾನು ಹುಲ್ಲು ಕೊಯ್ಯುತ್ತಿದ್ದಲ್ಲಿಗೆ ಕೇಳಿತು. ಹಸಿ ಕಟ್ಟಿಗೆ ಮುರಿದ ಹಾಗಿತ್ತು. ಬಿದ್ದವರ ಪಕ್ಕೆಗೆ ಒದ್ದರು, ಮುಖಕ್ಕೆ ಒದ್ದರು. ಹಲಗೆಯ ಅಂಚಿನಲ್ಲಿ ತುಕ್ಕು ಹಿಡಿದ ಮೊಳೆಗಳಿದ್ದವು. ಎರಡನೆಯ ಸಲ ಅದು ಇಳಿದದ್ದು ಅವರ ಎಡಗಣ್ಣಿನ ಮೇಲೆ. ಆಮೇಲೆ ಇಬ್ಬರು ಅವರ ಕೂದಲು ಹಿಡಿದು ಬಾಗಿಲ ಕೆಳಗಿನ ಕೆಸರು ನೀರಿನಲ್ಲಿ ಮುಖ ಅದ್ದಿ ಹಿಡಿದರು.

"ಹೆಂಡ್ತಿ ಬಾಯಿ ಕಟ್ಟೂಕೆ ಬರೂದಿಲ್ಲ ನಿಂಗೆ. ನೀರು ಕುಡಿ."

ನಾನು ಓಡಿ ತಲುಪಿದಾಗ ಅವರ ಕಾಲು ಕೆಸರಿನಲ್ಲಿ ಬಡಿದುಕೊಳ್ಳುತ್ತಿತ್ತು. ನನ್ನ ಕೈಯಲ್ಲಿ ಹುಲ್ಲುಗತ್ತಿ ಇತ್ತು. ಯಾವ ಯೋಚನೆಯೂ ಬರಲಿಲ್ಲ, ಮಾನ್ಯರೇ. ಹಲಗೆಯಲ್ಲಿ ಹೊಡೆದವನೇ ತಲೆ ಒತ್ತಿ ಹಿಡಿದಿದ್ದ, ಅವನ ತೋಳಿಗೆ ಬೀಸಿದೆ. ಮಾಂಸ ಬಿರಿದು ರಕ್ತ ನನ್ನ ಬಾಯಿಗೆ ಹಾರಿತು. ಇನ್ನೊಮ್ಮೆ ಬೀಸಿದೆ. ಅಷ್ಟರಲ್ಲಿ ನಾಗಿ ಕೂಗುತ್ತ ಬಂದು ಇನ್ನೊಬ್ಬನ ಬೆನ್ನ ಮೇಲೆ ಬಿದ್ದು ಕಿವಿ ಕಚ್ಚಿದಳು. ಊರಿನವರ ಕೂಗು ಕೇಳಿದ ಮೇಲೆ ಆ ನಾಲ್ವರು ಪಿಕಪ್ ಹತ್ತಿದರು. ನಾನು ಗಂಡನನ್ನು ಮಗುಚಿ ಹಾಕಿ ಬಾಯಿಂದ ಕೆಸರು ಬಗೆದೆ. ಅವರು ಉಸಿರು ಎಳೆದರು, ಕೆಮ್ಮಿದರು. "ಹಲಗೆ ಇಳಿಸೇ, ನೀರು ಬತ್ತಾ ಉಂಟು," ಎಂದರು. ಅವರ ಒಂದು ಕಣ್ಣಿನ ಜಾಗದಲ್ಲಿ ನನಗೆ ಕಣ್ಣು ಕಾಣುತ್ತಿರಲಿಲ್ಲ.

ನಾವು ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡುತ್ತಿದ್ದಾಗ ಹೊಡೆದವರು ಪೊಲೀಸ್ ಠಾಣೆಗೆ ಓಡಿದ್ದರು. ಮೊದಲ ದೂರು ಅವರದಾಯಿತು. ನಮ್ಮದು ಪ್ರತಿದೂರು ಆಯಿತು. ನನ್ನನ್ನು ಕರೆಸಿ ಕೂರಿಸಿದ ದಿನ ನಾನು ಹೇಳಿದೆ, ಆ ಮೊಬೈಲಿನಲ್ಲಿ ನನ್ನ ಅರ್ಜಿಯ ಫೋಟೋ ಇದೆ, ಮೂಲೆಯಲ್ಲಿ ಕೆಂಪು ಅಕ್ಷರವಿದೆ, ಅದನ್ನು ನನ್ನ ಗಂಡ ಕಣ್ಣಾರೆ ಕಂಡಿದ್ದಾರೆ, ನನ್ನ ಹತ್ತಿರದ ಪ್ರತಿಯಲ್ಲಿ ಅದು ಇಲ್ಲ. ಅಂದರೆ ಆ ಫೋಟೋ ತೆಗೆದದ್ದು ನಿಮ್ಮ ಕಚೇರಿಯೊಳಗೆ. ಗಲಾಟೆಯಲ್ಲಿ ಮೊಬೈಲ್ ಹೊಳೆಗೆ ಬಿತ್ತು ಎಂದು ಅದನ್ನು ಹಿಡಿದಿದ್ದವನು ಹೇಳಿಕೆ ಕೊಟ್ಟ. ಹೊಳೆಗೆ ಬಿದ್ದದ್ದಕ್ಕೆ ಸಾಕ್ಷಿ ಬೇಕಾಗಲಿಲ್ಲ. ಕಣ್ಣು ಹೋದದ್ದಕ್ಕೆ ಮಾತ್ರ ಬೇಕಾಯಿತು.

ಈಗ ನಿಮ್ಮ ಪಾಲಿನ ಸಂಗತಿಗೆ ಬರುತ್ತೇನೆ. ಗಂಡನಿಗೆ ಎರಡನೆಯ ಶಸ್ತ್ರಚಿಕಿತ್ಸೆ ಆಗುತ್ತಿದ್ದಾಗ ನಿಮ್ಮ ಉತ್ತರ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ಕಾಯ್ದೆಯ ಅವಧಿಯೊಳಗೇ ಬಂತು, ಅದಕ್ಕೆ ನಿಮ್ಮನ್ನು ಅಭಿನಂದಿಸಬೇಕು. ಅದರಲ್ಲಿ ಹೀಗಿತ್ತು: ಅರ್ಜಿದಾರರ ಮೇಲೆ ಹಲ್ಲೆಯ ಪ್ರಕರಣ ದಾಖಲಾಗಿರುವುದರಿಂದ, ಕೋರಿದ ಮಾಹಿತಿ ನೀಡಿದಲ್ಲಿ ಸಂಬಂಧಿಸಿದ ಗುತ್ತಿಗೆದಾರರ ಜೀವಕ್ಕೂ ದೈಹಿಕ ಸುರಕ್ಷತೆಗೂ ಅಪಾಯ ಉಂಟಾಗುವ ಸಂಭವವಿದೆ, ಆದ್ದರಿಂದ ಕಾಯ್ದೆಯ ಎಂಟನೇ ಕಲಮಿನಡಿ ಅರ್ಜಿಯನ್ನು ತಿರಸ್ಕರಿಸಲಾಗಿದೆ.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ನಾನು ಅದನ್ನು ಓದಿದೆ. ನಗು ಬಂತು. ಎದುರು ಕೂತಿದ್ದ ಹೆಂಗಸು ತನ್ನ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ನನ್ನ ನಗು ಹಾಗಿದ್ದಿರಬೇಕು. ಜೀವಕ್ಕೆ ಅಪಾಯ ಎಂಬ ಮಾತು ಕಾಯ್ದೆಯಲ್ಲಿ ಇದೆಯೆಂದು ನಿಮಗೆ ಗೊತ್ತಿತ್ತಲ್ಲವೇ? ಹಾಗಿದ್ದರೆ ನನ್ನ ಅರ್ಜಿ ಯಾರದೋ ಮೊಬೈಲಿಗೆ ಹೋಗುವಾಗ ಆ ಕಲಮು ಎಲ್ಲಿ ಮಲಗಿತ್ತು? ಕಣ್ಣು ಕಿತ್ತವನ ಸುರಕ್ಷತೆ ನಿಮ್ಮ ಜವಾಬ್ದಾರಿ, ಕಣ್ಣು ಕಳೆದುಕೊಂಡವರದು ಯಾರ ಇಲಾಖೆಗೆ ಸೇರುತ್ತದೆ? ಆ ದಿನ ನಿಮ್ಮ ಕಚೇರಿ ಹತ್ತಿರದಲ್ಲಿ ಇದ್ದಿದ್ದರೆ, ನಿಮ್ಮ ಟೇಬಲ್ಲಿನ ಗಾಜಿನ ಮೇಲೆ ನಾನು ಕಲ್ಲು ಎತ್ತಿಹಾಕುತ್ತಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಕಲ್ಲಿನ ಬದಲು ಮೇಲ್ಮನವಿ ಬರೆದೆ. ಉತ್ತರ ಒಪ್ಪಿಗೆಯಾಗದವರು ಮೂವತ್ತು ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಬರೆಯಬಹುದು. ನನ್ನಂತೆ ಕಲ್ಲು ಹುಡುಕುತ್ತಿರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ನೆನಪಿಡಿ.

ವಿಚಾರಣೆಗೆ ಗಂಡನನ್ನೂ ಕರೆದುಕೊಂಡು ಬಂದೆ. ನೀವೂ ಇದ್ದಿರಿ. ಕಿಟಕಿಯ ಹೊರಗೆ ನೋಡುತ್ತಿದ್ದಿರಿ. ಮೇಲಧಿಕಾರಿಗಳು ಮೊದಲು ಕೇಳಿದ್ದು, "ನೀವು ಕತ್ತಿ ಬೀಸಿದ್ದು ಹೌದೋ, ಅಲ್ಲವೋ?"

"ಹೌದು. ಕೋರ್ಟಿಗೂ ಅದನ್ನೇ ಹೇಳಿದ್ದೇನೆ. ಅದರ ಶಿಕ್ಷೆ ಕೋರ್ಟು ಕೊಡಲಿ. ಆದೇಶದ ಪ್ರತಿ ನೀವು ಕೊಡಿ."

"ಗುತ್ತಿಗೆದಾರರಿಗೆ ತೊಂದರೆ ಆದರೆ?"

ಅದಕ್ಕೆ ನನ್ನ ಗಂಡ ಹೇಳಿದರು, "ಸಾಯ್ಬರೇ, ನಂಗೆ ಅವ್ನ ಹೊಡೂಕೆ ಅವ್ನ ಕಾಗದ ಬೇಡ. ಅವ್ನ ಮನೆ ನಂಗೆ ಗೊತ್ತುಂಟು. ಹೊಡೂದಾದ್ರೆ ಇಷ್ಟೊತ್ತಿಗೆ ಹೊಡೀತಿದ್ದೆ. ನಂಗೆ ಗದ್ದೆ ಬೇಕು."

ಮೇಲಧಿಕಾರಿಗಳು ಕಡತ ತರಿಸಿದರು, ಹಾಳೆ ತಿರುವಿದರು, ಮತ್ತೆ ಮೊದಲಿಂದ ತಿರುವಿದರು. ನಿಮ್ಮ ಕಡೆ ನೋಡಿ, "ಎಲ್ರೀ ಆದೇಶ?" ಎಂದರು. ನೀವು ಕೆಳದನಿಯಲ್ಲಿ ಏನೋ ಹೇಳಿದಿರಿ. ಹದಿನೈದು ದಿನದ ಮೇಲೆ ನನಗೆ ಲಿಖಿತ ತೀರ್ಪು ಬಂತು. ಮಳೆಗಾಲದಲ್ಲಿ ಬಾಗಿಲು ತೆರೆಯಲು ಈ ಕಚೇರಿಯಿಂದ ಯಾವುದೇ ಅನುಮತಿ ನೀಡಿರುವುದಿಲ್ಲ.

ಓದಿದಿರಾ, ಮಾನ್ಯರೇ? ನೀವು ಕೊಡಲು ನಿರಾಕರಿಸಿದ ಆದೇಶ ಇರಲೇ ಇಲ್ಲ. ಇಲ್ಲದ ಕಾಗದವನ್ನು ಕೊಟ್ಟರೆ ಒಬ್ಬನ ಜೀವಕ್ಕೆ ಅಪಾಯ ಎಂದು ನೀವು ಸಹಿ ಮಾಡಿ ಕಳಿಸಿದಿರಿ. ನಾನು ಅರ್ಜಿ ಕೊಟ್ಟ ದಿನವೇ 'ಅಂಥ ಅನುಮತಿ ಇಲ್ಲ' ಎಂದು ಒಂದು ಸಾಲು ಬರೆದುಕೊಟ್ಟಿದ್ದರೆ ಸಾಕಿತ್ತು. ಸಂಜೆಯ ಬಸ್ಸಿಗೆ ನಾನು ಊರಿಗೆ ಹೋಗಿ ಹತ್ತು ಜನರಿಗೆ ತೋರಿಸುತ್ತಿದ್ದೆ. ಊರು ಒಟ್ಟಾಗಿ ಹಲಗೆ ಇಳಿಸುತ್ತಿತ್ತು. ಇಷ್ಟು ಮಾಡಲು ನಿಮಗೆ ಬೇಕಾಗಿದ್ದದ್ದು ಒಂದು ಪೆನ್ನು. ಹಲಗೆಯೆತ್ತಿ ಹೊಡೆದವನನ್ನು ನಾನು ದ್ವೇಷಿಸುತ್ತೇನೆ, ಸಾಯುವವರೆಗೂ ದ್ವೇಷಿಸುತ್ತೇನೆ. ಆದರೆ ಅವನು ಬಿಸಿಲಲ್ಲಿ, ನನ್ನ ಕಣ್ಣೆದುರಿಗೆ ಬಂದು ಹೊಡೆದ. ನೀವು ಫ್ಯಾನಿನ ಕೆಳಗೆ ಕೂತು ಹೊಡೆದಿರಿ. ಅವನ ತೋಳಿನ ಮೇಲೆ ನನ್ನ ಕತ್ತಿಯ ಗುರುತಾದರೂ ಇದೆ.

ಈ ಮಳೆಗಾಲ ಆ ತೀರ್ಪನ್ನು ದೇವಸ್ಥಾನದ ಕಟ್ಟೆಯ ಮೇಲೆ ನಿಂತು ನಾನೇ ಗಟ್ಟಿಯಾಗಿ ಓದಿದೆ. ನಾಗಿ ಎದ್ದು, "ಇಲ್ಲದ್ದಕ್ಕೆ ಹೆದ್ರಿದ್ದೇ ನಾವು?" ಎಂದಳು. ಅವತ್ತೇ ಊರಿನವರು ಹಲಗೆ ಇಳಿಸಿ, ಸಂದಿಗೆ ಮಣ್ಣು ಮೆತ್ತಿದರು. ಪಿಕಪ್ ಬಂತು. ಒಡ್ಡಿನ ತುಂಬ ಜನ ನಿಂತದ್ದು ಕಂಡು ಯಾರೂ ಇಳಿಯಲಿಲ್ಲ. ತಿರುಗಿಸಿಕೊಂಡು ಹೋಯಿತು. ಕಗ್ಗ ಹಸಿರಾಗಿದೆ. ಬಾವಿ ಮಾತ್ರ ಇನ್ನೂ ಉಪ್ಪು. ನನ್ನ ಗಂಡ ಗದ್ದೆಗೆ ಬರುತ್ತಾರೆ, ಬದುವಿನ ಮೇಲೆ ಕೂರುತ್ತಾರೆ, ಸಸಿಯ ಕಟ್ಟನ್ನು ಎಡಗೈಯಲ್ಲಿ ಎಸೆಯುವುದನ್ನು ಕಲಿಯುತ್ತಿದ್ದಾರೆ. ಎಸೆದದ್ದು ಬಹಳ ಸಲ ಬೇರೆ ಕಡೆ ಬೀಳುತ್ತದೆ. ಆಗ ಯಾರೂ ನಗುವುದಿಲ್ಲ. ಅದೇ ಅವರಿಗೆ ಹೆಚ್ಚು ನೋವು.

ನನ್ನ ಬೇಡಿಕೆ ದೊಡ್ಡದಲ್ಲ. ನನ್ನ ಅರ್ಜಿಯ ಫೋಟೋ ತೆಗೆದು ಹೊರಗೆ ಕಳಿಸಿದವರು ಯಾರು ಎಂದು ನಿಮ್ಮ ಕಚೇರಿಯಲ್ಲಿ ವಿಚಾರಣೆ ನಡೆಯಬೇಕು, ಆ ವ್ಯಕ್ತಿಯನ್ನು ಟಪಾಲಿನ ಟೇಬಲ್ಲಿನಿಂದ ಎಬ್ಬಿಸಿ ಪೊಲೀಸರ ಮುಂದೆ ಕೂರಿಸಬೇಕು. ಅದು ನೀವೇ ಆಗಿದ್ದರೆ ನೀವೇ ಏಳಬೇಕು. ಅರ್ಜಿದಾರರ ಮನೆಮಾರು ವಿಚಾರಿಸುವ ಪದ್ಧತಿ ಇವತ್ತೇ ನಿಲ್ಲಬೇಕು. ಸುಳ್ಳು ಕಾರಣ ಕೊಟ್ಟು ಅರ್ಜಿ ತಿರಸ್ಕರಿಸಿದ್ದಕ್ಕೆ ನಿಮಗೆ ದಂಡ ವಿಧಿಸಬೇಕೆಂದು ಮಾಹಿತಿ ಆಯೋಗಕ್ಕೂ ಬರೆದಿದ್ದೇನೆ. ಆ ದಂಡ ನಮಗೆ ಸೇರುವುದಿಲ್ಲ, ಗೊತ್ತು. ನಿಮ್ಮ ಸಂಬಳದಿಂದ ಹೋದರೆ ಸಾಕು.

ಸೋಮವಾರ ಹೊಸ ಅರ್ಜಿ ತರುತ್ತೇನೆ. ನನ್ನ ಮೊದಲ ಅರ್ಜಿ ನಿಮ್ಮ ಕಚೇರಿಯಲ್ಲಿ ಯಾವ ದಿನ ಯಾರ ಕೈಯಲ್ಲಿತ್ತು ಎಂಬ ದಾಖಲೆಯ ಪ್ರತಿ ಬೇಕೆಂದು ಅದರಲ್ಲಿ ಕೇಳಿದ್ದೇನೆ. ಈ ಸಲ ನಾನೊಬ್ಬಳೇ ಬರುವುದಿಲ್ಲ. ನಾಗಿ ತನ್ನದೊಂದು ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದಾಳೆ. ನಮ್ಮ ಕೇರಿಯ ಹೆಂಗಸರು ಪ್ರತಿಯೊಬ್ಬರೂ ಒಂದೊಂದು ಬರೆದಿದ್ದಾರೆ. ಎಲ್ಲದರಲ್ಲೂ ಇರುವುದು ಅದೇ ಪ್ರಶ್ನೆ. ಯಾರ ಮನೆಗೆ ಪಿಕಪ್ ಕಳಿಸಬೇಕೆಂದು ನೀವು ನಿಧಾನವಾಗಿ ಯೋಚಿಸಿ. ಕಾಯ್ದೆ ನಿಮಗೆ ಮೂವತ್ತು ದಿನ ಕೊಟ್ಟಿದೆ.

ಇಂತಿ,
ಸದ್ಯಕ್ಕೆ ಜಾಮೀನಿನ ಮೇಲೆ ಹೊರಗಿರುವ ಪ್ರಜೆ,
ವೀಣಾ ಬೊಮ್ಮಯ್ಯ ನಾಯಕ
ಅಂಕೋಲಾ ತಾಲೂಕು