ಬಾಗಿಲಿಗೆ ಜಡಿದ ಊರಿನ ಹಲಗೆ

ಗಡಿಯಿಂದ, ಮಾರ್ಚ್ 1931

ಪ್ರೀತಿಯ ಅಕ್ಕ,

ಹೊಳೆ ದಂಡೆ ಕೊರೆಯುತ್ತಿದೆಯೆಂದು ನಾವು ಊರನ್ನೇ ಗುಡ್ಡದಾಚೆಗೆ ಸಾಗಿಸುತ್ತಿದ್ದೇವೆ. ನೀನಿರುವ ನಮ್ಮ ದ್ವೀಪದಲ್ಲಿ ಮಾಡುವ ಹಾಗೆಯೇ ಮರದ ಮನೆಯಡಿಗೆ ದಿಮ್ಮಿ ಕೊಟ್ಟು, ನೆರೆಯವರ ಎತ್ತು ಹೂಡಿ, ಭಾನುವಾರಕ್ಕೊಂದರಂತೆ ಹತ್ತು ಮನೆ ಎಳೆದೆವು. ಚೀಟಿ ಎತ್ತಿದಾಗ ನನ್ನದೇ ಕೊನೆಗೆ ಬಂದಿತ್ತು.

ಮೊನ್ನೆ ಶನಿವಾರ ಗಡಿ ಅಧಿಕಾರಿಯೊಬ್ಬ ಊರಿನ ಹೆಸರು ಬರೆದ ಹಲಗೆಯನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡು ಬಂದ.

"ಊರೆಲ್ಲಯ್ಯಾ?"

"ಹೊರಟೋಯ್ತು ಸ್ವಾಮಿ. ನಾನೊಬ್ಬನೇ ಉಳಿದಿರೋದು."

"ಹಾಗಾದ್ರೆ ನೀನೇ ಊರು," ಎಂದವನೇ ಹಲಗೆಯನ್ನು ನನ್ನ ಬಾಗಿಲಿಗೆ ಜಡಿದ. ಕಿತ್ತರೂ ಜೈಲು, ಅಪ್ಪಣೆಯಿಲ್ಲದೆ ಗಡಿಯ ಊರನ್ನು ಕದಲಿಸಿದರೂ ಜೈಲಂತೆ.

ಭಾನುವಾರ ನೆರೆಯವರು ಎತ್ತು ಹೊಡೆದುಕೊಂಡು ಬಂದು ಹಲಗೆ ಓದಿದರು. "ಮನೆ ಆಗಿದ್ರೆ ಎಳೀತಿದ್ವಿ ಕಣೋ ಎಲಿಸೆಯೋ. ಊರು ಎಳೆದು ಜೈಲಿಗೆ ಹೋಗೋರ್ಯಾರು?" ಎಂದಳು ಎರ್ಮಿಂದಾ ಅಜ್ಜಿ. ಎಳೆಯುವವರಿಗೆಂದು ನಾನು ಸುಟ್ಟಿದ್ದ ಆಲೂಗಡ್ಡೆ ರೊಟ್ಟಿಯನ್ನು ಮಾತ್ರ ಒಂದೂ ಬಿಡದೆ ತಿಂದು ಹೋದರು.

ಆರೋಗ್ಯವಾಗಿದ್ದೇನೆ. ಹೊಳೆ ಹೊಸಿಲಿಗೆ ಬಂದಿರುವುದರಿಂದ ಕಾಲು ಮಾತ್ರ ಸದಾ ಒದ್ದೆ. ಅಪ್ಪಣೆಯ ಅರ್ಜಿಗೆ ಊರಿನವರೆಲ್ಲರ ಸಹಿ ಬೇಕಂತೆ, ಹಾಕಿದ್ದೇನೆ. ಉತ್ತರ ಬರುವಷ್ಟರಲ್ಲಿ ಮನೆ ತೇಲಿಹೋದರೆ, ಊರನ್ನು ಕದಲಿಸಿದವನು ನಾನಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಈ ಅಂಚೆ ಕಾರ್ಡನ್ನು ಜೋಪಾನವಾಗಿಡು.

ಅವಸರದಲ್ಲಿ, ನಿನ್ನ ತಮ್ಮ
ಎಲಿಸೆಯೋ ಮತ್ತು ಊರಿನ ಸಮಸ್ತರು